ಸಿಂಥೆಟಿಕ್ ಆಯಿಲ್‌ಗೆ ಲೀಟರ್‌ಗೆ ಸಾವಿರ ಯಾಕೆ ಸ್ವಾಮಿ?

ಈ ತಿಂಗಳು ಬಂದ ಪತ್ರಗಳಲ್ಲೂ ಅರ್ಧಕ್ಕರ್ಧ ಅದೇ ಪ್ರಶ್ನೆ. ಎಂಜಿನ್ ಆಯಿಲ್ ಬ್ಲೆಂಡಿಂಗ್ ಪ್ಲಾಂಟ್‌ನಲ್ಲಿ ಇಪ್ಪತ್ತೆರಡು ವರ್ಷ ಮೈ ಕೈ ಎಣ್ಣೆ ಮಾಡಿಕೊಂಡವನು ನಾನು. ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ, ಆಮೇಲೆ ಕೇಳಬೇಡಿ. 10ಡಬ್ಲ್ಯೂ-30 ಅಂದರೇನು, ಆಯಿಲ್ ಯಾವಾಗ ಬದಲಿಸಬೇಕು ಅನ್ನುವುದೆಲ್ಲ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಅದನ್ನು ಓದಿ.

"ಸಿಂಥೆಟಿಕ್ ಆಯಿಲ್ ಮಾಡೋಕೆ ಲೀಟರ್‌ಗೆ ನೂರು ರೂಪಾಯಿನೂ ಬೀಳಲ್ಲ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಂಗಡಿಯಲ್ಲಿ ಸಾವಿರ ಕೇಳ್ತಾರೆ. ಹಗಲು ದರೋಡೆ ಅಲ್ವಾ?" (ಹಾಸನದ ಓದುಗರು)

ವಿಡಿಯೋದವನು ಲೆಕ್ಕ ಹಾಕಿರುವುದು ಬೇಸ್ ಆಯಿಲ್ ಒಂದನ್ನೇ, ಅಂದರೆ ಏನೂ ಬೆರೆಸದ ಮೂಲ ಎಣ್ಣೆ. ಅದೂ ಯಾವ ಬೇಸ್ ಆಯಿಲ್ ಅಂತ ಅವನಿಗೇ ಗೊತ್ತಿದ್ದ ಹಾಗಿಲ್ಲ.

'ಸಿಂಥೆಟಿಕ್' ಅನ್ನುವ ಒಂದೇ ಹೆಸರಿನಡಿ ಎರಡು ಬೇರೆ ಸರಕು ಮಾರಾಟವಾಗುತ್ತವೆ. ಒಂದು ಪಿಎಒ (ಪಾಲಿಆಲ್ಫಾಒಲೆಫಿನ್), ಬೇಸ್ ಆಯಿಲ್‌ಗಳ ವಿಂಗಡಣೆಯಲ್ಲಿ ಗ್ರೂಪ್ 4. ಇದು ಎಥಿಲೀನ್ ಅನಿಲದಿಂದ ಶುರುವಾಗುತ್ತದೆ. ಮಣಿ ಪೋಣಿಸಿದ ಹಾಗೆ ಅದನ್ನು ಸರ ಕಟ್ಟುತ್ತಾರೆ, ಆದರೆ ಸರಗಳೆಲ್ಲ ಒಂದೇ ಉದ್ದಕ್ಕೆ ಬರುವುದಿಲ್ಲ. ನಾಲ್ಕು ಕಾರ್ಬನ್‌ನದು, ಆರರದು, ಎಂಟರದು, ಹತ್ತರದು, ಹೀಗೆ ಎಲ್ಲ ಕಲಸುಮೇಲೋಗರ. ಪಿಎಒಗೆ ಮುಖ್ಯವಾಗಿ ಬೇಕಾದ್ದು ಹತ್ತರದು, ಡೆಸೀನ್. ನಾಲ್ಕು, ಆರು, ಎಂಟರದನ್ನು ಪಾಲಿಥೀನ್ ಮಾಡುವವರು ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ನಿಮ್ಮ ಕಾರಿನ ಆಯಿಲ್‌ನ ಬೆಲೆ ಪ್ಲಾಸ್ಟಿಕ್ ಕವರ್ ವ್ಯಾಪಾರಕ್ಕೂ ಗಂಟು ಬಿದ್ದಿದೆ! ಆಮೇಲೆ ಆ ಡೆಸೀನ್ ಅನ್ನು ಮತ್ತೆ ಜೋಡಿಸಬೇಕು, ಹೈಡ್ರೋಜನ್ ಹಾಯಿಸಬೇಕು, ಬಟ್ಟಿ ಇಳಿಸಿ ಬೇರೆ ಮಾಡಬೇಕು. ಎಕ್ಸಾನ್‌ಮೊಬಿಲ್, ಇನಿಯೋಸ್, ಶೆವ್ರಾನ್ ಫಿಲಿಪ್ಸ್‌ನಂಥ ಬೆರಳೆಣಿಕೆ ಕಂಪನಿಗಳು ಮಾತ್ರ ಇದನ್ನು ದೊಡ್ಡದಾಗಿ ಮಾಡುತ್ತವೆ.

ಇನ್ನೊಂದು ಗ್ರೂಪ್ 3. ಭಾರದ ಎಣ್ಣೆ ಒಡೆದು ಡೀಸೆಲ್ ಮಾಡುವ ಹೈಡ್ರೋಕ್ರ್ಯಾಕರ್‌ನ ತಳದಲ್ಲಿ ಮೇಣ ತುಂಬಿದ ಎಣ್ಣೆ ಉಳಿಯುತ್ತದಲ್ಲ, ಅದೇ ಇದರ ಮೂಲ. ನೆಟ್ಟಗಿರುವ ಮೇಣದ ಸರಗಳಿಗೆ ಕವಲು ಮೂಡಿಸುತ್ತಾರೆ, ಆಗ ತಣ್ಣಗಾದರೂ ಬೇಗ ಹೆಪ್ಪುಗಟ್ಟುವುದಿಲ್ಲ. ಒಳ್ಳೇ ಎಣ್ಣೆಯೇ, ಪಿಎಒಗಿಂತ ಅಗ್ಗ. ನಮ್ಮ ದೇಶಕ್ಕೆ ಇದು ಹೆಚ್ಚಾಗಿ ಕೊರಿಯಾದಿಂದ, ಗಲ್ಫ್‌ನಿಂದ ಹಡಗಿನಲ್ಲಿ ಬರುತ್ತದೆ.

ಇದನ್ನೂ ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ದೊಡ್ಡ ಜಗಳವೇ ಆಯಿತು. ಕ್ಯಾಸ್ಟ್ರಾಲ್‌ನವರು ಗ್ರೂಪ್ 3 ಹಾಕಿ ಸಿಂಥೆಟಿಕ್ ಅಂದರು, ಮೊಬಿಲ್‌ನವರು ಜಾಹೀರಾತು ಪರಿಶೀಲಿಸುವ ಮಂಡಳಿಗೆ ದೂರು ಕೊಟ್ಟರು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಕಡೆ ಬಂತು. ಅಲ್ಲಿಂದ ಆ ಪದಕ್ಕೂ ತಯಾರಿಕೆಯ ಖರ್ಚಿಗೂ ಇದ್ದ ನಂಟು ಕಳಚಿತು. ಡಬ್ಬಿ ಮೇಲೆ 'ಫುಲ್ಲಿ ಸಿಂಥೆಟಿಕ್' ಅಂತಿದ್ದರೆ ಒಳಗಿರುವುದು ಯಾವುದು ಅಂತ ಹೇಳಲು ಬರುವುದಿಲ್ಲ, ಹೆಚ್ಚಾಗಿ ಗ್ರೂಪ್ 3ನೇ ಇರುತ್ತದೆ.

ಇದರಿಂದ ನಿಮಗೆ ನಷ್ಟವೇನೂ ಇಲ್ಲ. ಮೈನಸ್ 50 ಡಿಗ್ರಿಯಲ್ಲೂ ಹರಿಯುವುದು ಪಿಎಒದ ಹೆಚ್ಚುಗಾರಿಕೆ. ಬೀದರ್ ಚಳಿಗೆ ಅಷ್ಟೆಲ್ಲ ಯಾಕೆ ಬೇಕು? ನಮಗೆ ಬೇಕಾದ್ದು ಬಿಸಿಗೆ ಆವಿಯಾಗದ ಆಯಿಲ್. ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತು ಅಂತ ಅಳೆಯುವ ನೋಯಾಕ್ ಪರೀಕ್ಷೆ ಇದೆ. ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಒಂದು ಗುಣಮಟ್ಟ) ದರ್ಜೆಯ ತೆಳು ಆಯಿಲ್‌ಗಳಲ್ಲಿ ಅದು ಶೇ. 15 ದಾಟಬಾರದು. ಒಳ್ಳೇ ಗ್ರೂಪ್ 3 ಇದನ್ನು ಆರಾಮಾಗಿ ಪಾಸು ಮಾಡುತ್ತದೆ.

ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಸಾವಿರಕ್ಕೇ ಮಾರಿದರೆ ಅದರಲ್ಲಿ ಸುಮಾರು 152 ರೂಪಾಯಿ ಜಿಎಸ್‌ಟಿ, ಶೇ. 18ರ ಲೆಕ್ಕ. ಆಮೇಲೆ ಅಡಿಟಿವ್, ಅಂದರೆ ಸವೆತ, ಕೊಳೆ ತಡೆಯಲು ಬೇಸ್‌ಗೆ ಬೆರೆಸುವ ರಾಸಾಯನಿಕ. ಜೋನಿ ಬೆಲ್ಲದ ಹಾಗೆ ಮಂದವಾಗಿ ಡ್ರಮ್‌ನಿಂದ ಇಳಿಯುತ್ತದೆ, ಗಂಧಕದ ನಾತ, ಅಂಗಿಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಲುಬ್ರಿಜಾಲ್, ಇನ್ಫಿನಿಯಂ, ಓರೊನೈಟ್, ಆಫ್ಟನ್, ಜಗತ್ತಿನ ಹೆಚ್ಚಿನ ಡಬ್ಬಿಗಳಿಗೆ ಈ ನಾಲ್ವರದ್ದೇ ಮಸಾಲೆ. ಲೀಟರ್ ಲೆಕ್ಕದಲ್ಲಿ ಬೇಸ್‌ಗಿಂತ ತುಟ್ಟಿ ಇದು. ಅದರ ಮೇಲೆ ಡಬ್ಬಿ, ಸೀಲು, ಸಾಗಣೆ, ಡೀಲರ್, ಅಂಗಡಿ, ಟಿವಿಯಲ್ಲಿ ಬೈಕ್ ಓಡಿಸುವ ನಟ. ಜೊತೆಗೆ ಮುಚ್ಚಳದಲ್ಲಿ ಮೆಕ್ಯಾನಿಕ್‌ಗೆ ಕೂಪನ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಮೆಕ್ಯಾನಿಕ್ ಒಂದೇ ಬ್ರ್ಯಾಂಡನ್ನು ತುಂಬಾ ಹೊಗಳಿದರೆ, ಡಬ್ಬಿ ತೆಗೆಯುವಾಗ ಮುಚ್ಚಳ ಯಾರ ಜೇಬಿಗೆ ಹೋಗುತ್ತದೆ ನೋಡಿ.

ಹಾಗಾದರೆ ದರೋಡೆಯಾ? ಎಣ್ಣೆಯಲ್ಲಿ ಅಲ್ಲ, ಅದರ ಮೇಲಿನ ಪದರಗಳಲ್ಲಿ ಸ್ವಲ್ಪ ಇದೆ. ಟರ್ಬೊ ಕಾರಿನ ಪುಸ್ತಕ ಸಿಂಥೆಟಿಕ್ ಕೇಳಿದರೆ ಅದೇ ಹಾಕಿ, ಅಲ್ಲಿ ಜಿಪುಣತನ ಮಾಡಬೇಡಿ. ಪುಸ್ತಕದಲ್ಲಿ ಸಾದಾ ಮಿನರಲ್ ಆಯಿಲ್ ಸಾಕು ಅಂತಿರುವ ಬೈಕ್‌ಗೆ ಸಾವಿರದ್ದು ಹಾಕುವುದು ಬರೀ ಶೋಕಿ. ನನ್ನ ಹಳೇ ಸ್ಕೂಟರ್‌ಗೆ ನಾನು ಇವತ್ತಿಗೂ ಮಿನರಲ್ಲೇ ಹಾಕಿಸುವುದು. ಸಿಂಥೆಟಿಕ್ ಹಾಕಿದ್ದೀನಲ್ಲ ಅಂತ ಎರಡು ಪಟ್ಟು ಕಿಲೋಮೀಟರ್ ಎಳೆಯುವವರೂ ಇದ್ದಾರೆ. ನಾನಂತೂ ಎಳೆಯುವುದಿಲ್ಲ.

"ಕಾರಿನ ಆಯಿಲ್ ಅಗ್ಗ, ಬೈಕ್‌ಗೆ ಹಾಕಬಹುದಾ?"

ಬೇಡ. ಗೇರ್ ಬೈಕ್‌ನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಜಾರಲು ಶುರುವಾಗಬಹುದು. ಡಬ್ಬಿ ಹಿಂದೆ ಜಾಸೋ ಎಂಎ ಅಥವಾ ಎಂಎ2 ಇರಬೇಕು, ಅಂಥ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವ ಜಪಾನಿ ಗುರುತು ಅದು.

"ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಯಿತು. ಮೆಕ್ಯಾನಿಕ್ ಬೆರಳಲ್ಲಿ ಉಜ್ಜಿ ನೋಡಿ ಜೀವ ಹೋಗಿದೆ ಅಂದ."

ಎಂಜಿನ್ ಒಳಗಿನ ಮಸಿ ತೊಳೆಯುವ ಆಯಿಲ್ ಕಪ್ಪಾಗದೆ ಇನ್ನೇನಾಗುತ್ತದೆ? ಬೆರಳಲ್ಲಿ ಉಜ್ಜಿ ನೋಡಲು ಅದೇನು ಸಕ್ಕರೆ ಪಾಕವಾ?

"300 ರೂಪಾಯಿಯ ಸಣ್ಣ ಬಾಟಲಿ ಸೇರಿಸಿದರೆ ಮಿನರಲ್ ಆಯಿಲ್ಲೇ ಸಿಂಥೆಟಿಕ್ ಆಗುತ್ತಂತೆ?"

ಆಗುವುದಿಲ್ಲ. ಮುಂದೆ.

"ಅದೇ ಬ್ರ್ಯಾಂಡ್ ರಸ್ತೆ ಬದಿ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತೆ, ತಗೋಬಹುದಾ?"

ನಾನೂ ಒಮ್ಮೆ ಅಂಥದ್ದೊಂದು ಡಬ್ಬಿ ತಂದಿದ್ದೆ, ಸುಮ್ನೆ ಕುತೂಹಲಕ್ಕೆ. ಸೀಲು ಇತ್ತು, ಮುಚ್ಚಳದ ಬಳೆಯೂ ಸರಿಯಾಗಿತ್ತು. ಬ್ಯಾಚ್ ನಂಬರ್ ಮೇಲೆ ಹೆಬ್ಬೆರಳು ಎಳೆದೆ, ಮಸಿ ಕೈಗೇ ಬಂತು. ಲ್ಯಾಬ್‌ನಲ್ಲಿ ನೋಡಿದರೆ ಸತು, ಕ್ಯಾಲ್ಸಿಯಂ ಹೆಸರಿಗಷ್ಟೇ. ಅಂದರೆ ಅಡಿಟಿವ್ ಇಲ್ಲ, ಹೆಚ್ಚುಕಮ್ಮಿ ಬರೀ ಬೇಸ್ ಆಯಿಲ್ ತುಂಬಿದ್ದರು. ಡಬ್ಬಿ ಮಾತ್ರ ಅಸಲಿ. ಆಯಿಲ್ ಬದಲಿಸಿದ ಮೇಲೆ ಖಾಲಿ ಡಬ್ಬಿಯನ್ನು ಗ್ಯಾರೇಜ್‌ನಲ್ಲಿ ಬಿಟ್ಟು ಬರಬೇಡಿ. ಅಲ್ಲೇ ನಿಂತು, ಬ್ಲೇಡ್ ಇಸ್ಕೊಂಡು, ಹೊಟ್ಟೆ ಸೀಳಿ ಗುಜರಿಗೆ ಹಾಕಿ.