ಬೈಯುವುದು ಬೇರೆ, ಬುದ್ಧಿ ಹೇಳುವುದು ಬೇರೆ

ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ನಿವೃತ್ತ ಕ್ರೈಸ್ತ ಸಭಾಪಾಲಕರೊಬ್ಬರ (ಪಾಸ್ಟರ್) ಉತ್ತರ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಗುಳೇದಗುಡ್ಡದ ಸಮೀಪದ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ಆರು ವರ್ಷಗಳಿಂದ ಉಪದೇಶಕನಾಗಿದ್ದೇನೆ. ಸುಮಾರು ನಲವತ್ತು ಮನೆಗಳಿವೆ. ಹೆಚ್ಚಿನವರು ಕೂಲಿಯವರು, ಕೆಲವರು ನೇಕಾರರು. ಕಳೆದ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳಲ್ಲಿ, ಕುಡಿತ ಮತ್ತು ವರದಕ್ಷಿಣೆಯ ಬಗ್ಗೆ ಸತತ ಎರಡು ರವಿವಾರ ಕಟುವಾಗಿ ಪ್ರಸಂಗ ಮಾಡಿದೆ. ಯಾರಿಗೆ ಹೇಳಬೇಕೆಂದಿದ್ದೆನೋ ಅವರು ಹಿಂದಿನ ಸಾಲಿನಲ್ಲಿ ಕುಳಿತು ತಲೆದೂಗಿದರು. ಆದರೆ ಒಬ್ಬ ವಿಧವೆ ತಾಯಿ ಅಂದಿನಿಂದ ಆರಾಧನೆಗೆ ಬರುತ್ತಿಲ್ಲ. ಎಲ್ಲರೆದುರು ತನ್ನ ಮಗನ ಕುಡಿತದ ಮಾತು ಎತ್ತಿದರೆಂದು ನೆರೆಯವರ ಹತ್ತಿರ ಅತ್ತರಂತೆ. ನನ್ನ ಮನಸ್ಸಿನಲ್ಲಿ ಅವರು ಇರಲೇ ಇಲ್ಲ. ಸಭೆಯ ಹಿರಿಯರೊಬ್ಬರು, ‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ, ನೀವು ಸಡಿಲಬೇಡಿ’ ಎನ್ನುತ್ತಾರೆ. ಯುವಕರು, ‘ವಾರವಿಡೀ ಕೂಲಿ ಮಾಡಿಸುವ ಮುಕಾದಮನ ಬೈಗುಳ ಕೇಳಿದವರಿಗೆ ರವಿವಾರವೂ ಬೈಗುಳವೇ’ ಎಂದು ಕೇಳುತ್ತಾರೆ. ಒಂದು ವಾರ ಧೈರ್ಯ ತುಂಬುವ ಪ್ರಸಂಗ, ಮತ್ತೊಂದು ವಾರ ಎಚ್ಚರಿಕೆಯ ಪ್ರಸಂಗ ಎಂದು ಹಂಚಿಕೊಂಡರೆ ಸರಿಹೋದೀತೇ?

ಉತ್ತರ: ಮೊದಲು ಆ ತಾಯಿಯ ಮನೆಗೆ ಹೋಗಿ ಬನ್ನಿ, ಉಳಿದುದನ್ನು ಆಮೇಲೆ ಓದಿದರೂ ನಡೆಯುತ್ತದೆ. ಹೋದಾಗ, ‘ನಾನು ನಿಮ್ಮ ಬಗ್ಗೆ ಹೇಳಿದ್ದಲ್ಲ’ ಎಂಬ ಸಮಜಾಯಿಷಿಯಿಂದ ಮಾತು ಆರಂಭಿಸಬೇಡಿ, ಏಕೆಂದರೆ ಅದು ನಿಮ್ಮ ಮನಸ್ಸನ್ನು ಹಗುರ ಮಾಡುವ ಮಾತೇ ಹೊರತು ಅವರ ಮನಸ್ಸನ್ನಲ್ಲ. ಅವರು ಕೊಟ್ಟ ಚಹಾ ಕುಡಿದು, ಮಗನ ಕೆಲಸ, ಆರೋಗ್ಯ, ಮನೆಯ ಖರ್ಚು ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿ, ಅವರು ಹೇಳುವಷ್ಟನ್ನು ಪೂರ್ತಿ ಕೇಳಿಸಿಕೊಂಡು, ನಿಮ್ಮ ಮಾತಿನಿಂದ ನೋವಾಯಿತೆಂದು ತಿಳಿದು ಬಂದೆನೆಂದು ಹೇಳಿ. ಸಾಧ್ಯವಾದರೆ ಮಗನಿರುವ ಹೊತ್ತಿಗೆ ಇನ್ನೊಮ್ಮೆ ಹೋಗಿ.

ವಾರಕ್ಕೊಂದರಂತೆ ಹಂಚಿಕೊಳ್ಳುವ ಯೋಜನೆ ನನಗೆ ಒಪ್ಪಿಗೆಯಾಗಿಲ್ಲ. ನಿಮ್ಮ ಸಭೆಯ ಕೂಲಿಯವರು ಎಲ್ಲ ರವಿವಾರಗಳಲ್ಲಿಯೂ ಊರಲ್ಲಿರುವುದಿಲ್ಲ. ಎಚ್ಚರಿಕೆಯ ವಾರಕ್ಕೆ ಮಾತ್ರ ಸಿಕ್ಕವನು ಬೈಗುಳವನ್ನಷ್ಟೇ ಹೊತ್ತು ಹೋಗುತ್ತಾನೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ಯೋಜನೆಯು ಸಮಸ್ಯೆಯನ್ನು ಅಳತೆಯ ಸಮಸ್ಯೆಯೆಂದು ಎಣಿಸುತ್ತದೆ. ಬೆಲ್ಲ ಎಷ್ಟು, ಬೇವು ಎಷ್ಟು ಎಂದು ತೂಗುವ ಮೊದಲು, ಯಾವುದು ಯಾರಿಗೆ ಎಂಬುದನ್ನು ಕೇಳಿಕೊಳ್ಳಬೇಕು. ಬೈಬಲಿನಲ್ಲಿ, ಆದಿ ಸಭೆಗಳನ್ನು ಕಟ್ಟಿದ ಅಪೊಸ್ತಲ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯದ 14ನೆಯ ವಚನವನ್ನು ನಿಧಾನವಾಗಿ ಓದಿ ನೋಡಿ. ಅಕ್ರಮವಾಗಿ ನಡೆಯುವವರಿಗೆ ಬುದ್ಧಿ ಹೇಳಬೇಕು, ಮನಗುಂದಿದವರಿಗೆ ಧೈರ್ಯ ಕೊಡಬೇಕು, ಬಲಹೀನರಿಗೆ ಆಧಾರವಾಗಬೇಕು ಎಂದು ಅಲ್ಲಿ ಮೂರು ಬಗೆಯ ಜನರಿಗೆ ಮೂರು ಬೇರೆ ಬೇರೆ ಕ್ರಿಯೆಗಳನ್ನು ಹೇಳಿದ್ದಾನೆ. ಎಲ್ಲರಿಗೂ ಸಮಾನವಾದದ್ದು ದೀರ್ಘಶಾಂತಿ ಒಂದೇ. ನಿಮ್ಮ ಲೆಂಟ್ ಪ್ರಸಂಗಗಳಲ್ಲಿ ಮೊದಲನೆಯವರಿಗೆ ಸಲ್ಲಬೇಕಾದ ಮಾತು ಎರಡನೆಯವರ ಮೇಲೆ ಬಿದ್ದಿತು. ಗಟ್ಟಿ ಮನಸ್ಸಿನವನು ಸಾಮಾನ್ಯವಾದ ಗದರಿಕೆಯನ್ನು ಪಕ್ಕದವನಿಗೆ ದಾಟಿಸಿ ತಲೆದೂಗುತ್ತಾನೆ. ಮೊದಲೇ ನೊಂದವಳು ಯಾರಿಗೋ ಹೇಳಿದ್ದನ್ನೂ ತನಗೇ ಎಂದುಕೊಳ್ಳುತ್ತಾಳೆ. ಯಾವ ಪ್ರಸಂಗಕ್ಕೆ ಎಲ್ಲರೂ ತಲೆದೂಗಿದರೋ ಅದು ಯಾರಿಗೂ ತಾಗಲಿಲ್ಲವೆಂದೇ ನಾನು ಸಂಶಯಪಡುತ್ತೇನೆ.

ಈ ವಚನದ ಕನ್ನಡದಲ್ಲಿರುವ ‘ಬುದ್ಧಿ ಹೇಳು’ ಎಂಬ ಮಾತು ನನಗೆ ಬಹಳ ಪ್ರಿಯವಾದದ್ದು. ಮೂಲ ಗ್ರೀಕಿನ ‘ನೂಥೆತೇಯೋ’ ಎಂಬ ಪದವು ‘ಮನಸ್ಸು’ ಮತ್ತು ‘ಇಡು’ ಎಂಬ ಎರಡು ಮಾತುಗಳಿಂದ ಆಗಿದೆ. ಕೇಳುವವನ ಮನಸ್ಸಿನಲ್ಲಿ ಒಂದು ಸಂಗತಿಯನ್ನು ಇಡುವುದೆಂದು ಅದರ ಭಾವ. ನಮ್ಮ ಹಳ್ಳಿಯ ತಾಯಂದಿರು ‘ಸ್ವಲ್ಪ ಬುದ್ಧಿ ಹೇಳ್ರಿ ಇವಗ’ ಎಂದು ಮಗನನ್ನು ಕರೆತಂದಾಗ ಅವರು ಬೇಡುವುದು ಇದನ್ನೇ, ಬೈಗುಳವನ್ನಲ್ಲ. ಬೈಗುಳವು ಬೈಯುವವನ ಸಿಟ್ಟು ಇಳಿದಲ್ಲಿಗೆ ಮುಗಿಯುತ್ತದೆ. ಬುದ್ಧಿಮಾತು ಕೇಳುವವನಲ್ಲಿ ಏನಾದರೂ ಉಳಿಯುವವರೆಗೆ ಮುಗಿಯುವುದಿಲ್ಲ. ಹಾಗೆಯೇ ಧೈರ್ಯ ಹೇಳು, ಎಚ್ಚರಿಸು, ಬೇಡಿಕೊಳ್ಳು ಎಂದು ಬೇರೆ ಬೇರೆ ಕಡೆಗಳಲ್ಲಿ ಅನುವಾದವಾಗುವ ‘ಪರಕಲೇಯೋ’ ಎಂಬ ಇನ್ನೊಂದು ಪದದ ಮೂಲಾರ್ಥವು ಹತ್ತಿರಕ್ಕೆ ಕರೆಯುವುದು ಎಂದಾಗಿದೆ. ಪವಿತ್ರಾತ್ಮನನ್ನು ‘ಸಹಾಯಕ’ ಎಂದು ಯೋಹಾನನ ಸುವಾರ್ತೆಯು ಕರೆಯುವ ಹೆಸರೂ ಇದೇ ಧಾತುವಿನದು. ಸಂತೈಸುವುದಕ್ಕೂ ಎಚ್ಚರಿಸುವುದಕ್ಕೂ ಒಂದೇ ಪದ ಸಾಕಾಗಿತ್ತು. ಅವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟವರು ನಾವು.

ಕ್ರಿ.ಶ. 590ರಲ್ಲಿ ರೋಮಿನ ಬಿಷಪರಾದ ಮಹಾ ಗ್ರೆಗರಿಯವರು ಸಭಾಪಾಲಕರಿಗಾಗಿ ಬರೆಯುವಾಗ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಕೇಳುಗರ ಮನಸ್ಸುಗಳು ವಾದ್ಯದ ಬಿಗಿದ ತಂತಿಗಳಿದ್ದಂತೆ. ನುಡಿಸುವವನು ಒಂದೇ ಮೀಟುಕಡ್ಡಿಯಿಂದ ಮೀಟಿದರೂ ಎಲ್ಲ ತಂತಿಗಳನ್ನು ಒಂದೇ ಬಗೆಯಲ್ಲಿ ಮೀಟುವುದಿಲ್ಲ, ಹಾಗಾಗಿಯೇ ಸ್ವರ ಕೂಡುತ್ತದೆ ಎಂದು ಅವರು ಹೇಳಿದರು. ಬಡವರಿಗೆ ಹೇಳುವ ರೀತಿ ಬೇರೆ, ಸಿರಿವಂತರಿಗೆ ಹೇಳುವ ರೀತಿ ಬೇರೆ; ಧಾರ್ಷ್ಟ್ಯದವರಿಗೊಂದು ಬಗೆ, ಅಂಜುವವರಿಗೊಂದು ಬಗೆ ಎಂದು ಅವರು ಜೋಡಿ ಜೋಡಿಯಾಗಿ ವಿವರಿಸುತ್ತಾ ಹೋಗುತ್ತಾರೆ. ಜೋಳದ ರೊಟ್ಟಿ ಬಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಟ್ಟಿನ ಹದ ನೋಡಿಯೇ ಅವರ ಕೈ ಬೀಳುತ್ತದೆ.

ನಿಮ್ಮ ಹಿರಿಯರ ಗಾದೆಯನ್ನು ನಾನು ತಳ್ಳಿಹಾಕುವುದಿಲ್ಲ. ಸ್ನೇಹಿತನು ಮಾಡುವ ಗಾಯಗಳು ನಂಬತಕ್ಕವುಗಳೆಂದು ಬೈಬಲಿನ ಜ್ಞಾನೋಕ್ತಿಗಳ 27ನೆಯ ಅಧ್ಯಾಯವೂ ಹೇಳುತ್ತದೆ. ಗುಳೇದಗುಡ್ಡದಲ್ಲಿ 1851ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ತಪ್ಪಿ ನಡೆದವರನ್ನು, ಯೇಸುವಿನ ನೆನಪಿಗಾಗಿ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದಿಂದ ದೂರವಿಡುವ ಕಟ್ಟುನಿಟ್ಟಾದ ಶಿಸ್ತು ಇತ್ತು. ಆ ಶಿಸ್ತಿನ ಮಾತುಗಳನ್ನು ತಮ್ಮ ಹಿರಿಯರಿಂದ ಕೇಳಿ ಬೆಳೆದವರಿಗೆ ಮೃದುವಾದ ಪ್ರಸಂಗದಲ್ಲಿ ಏನೋ ಕೊರತೆ ಕಾಣುವುದು ಸಹಜ. ಆದರೆ ಆ ಗಾದೆಯಲ್ಲಿ ಬೈಯುವವರು ಯಾರು? ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತ ತಾಯಿ, ಶಾಲೆಯ ಫೀಸು ತುಂಬಿದ ಸೋದರಮಾವ. ಅವರ ಬೈಗುಳದ ಹಿಂದೆ ಅನ್ನವಿದೆ, ನಿದ್ದೆಗೆಟ್ಟ ರಾತ್ರಿಗಳಿವೆ. ಪೀಠದ ಮೇಲೆ ನಿಂತ ಮಾತ್ರಕ್ಕೆ ಆ ಹಕ್ಕು ನಮಗೆ ಬರುವುದಿಲ್ಲ. ಶಿಸ್ತಿನ ಬಗ್ಗೆ ಅಷ್ಟು ಬಿಗಿಯಾಗಿದ್ದ ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಸಭೆಯ ದಂಡನೆಗೆ ಒಳಗಾದ ಒಬ್ಬನನ್ನು ಕ್ಷಮಿಸಿ ಸಂತೈಸಿರಿ, ಇಲ್ಲವಾದರೆ ಅವನು ಅಧಿಕವಾದ ದುಃಖದಲ್ಲಿ ಮುಳುಗಿಹೋದಾನು ಎಂದು ಬರೆದನು. ಈ ಭಾಗವನ್ನು ಹಿರಿಯರೊಂದಿಗೆ ಕುಳಿತು ಓದಿ. ಅವರು ಒಪ್ಪುವರೆಂದು ನನಗೆ ನಂಬಿಕೆಯಿದೆ.

ನನ್ನ ಸೇವೆಯ ಆರಂಭದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ಮಳೆ ಕೈಕೊಟ್ಟ ವರ್ಷ. ಸುಗ್ಗಿ ಹಬ್ಬದ ಆರಾಧನೆಗೆ ಅರ್ಧ ದೇವಾಲಯವೂ ತುಂಬಿರಲಿಲ್ಲ. ನನಗೆ ತಡೆಯಲಾಗದಷ್ಟು ಬೇಸರವಾಗಿ, ದೇವರ ಆಲಯವನ್ನು ಅಲಕ್ಷ್ಯ ಮಾಡುವವರ ಬಗ್ಗೆ ಅರ್ಧ ಗಂಟೆ ಕಟುವಾಗಿ ಮಾತಾಡಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, ಸೆರಗಿನ ತುದಿಯ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟನ್ನು ನನ್ನ ಕೈಗಿಟ್ಟು, ‘ನನ್ನ ಮಗ ಗೋವಾದಿಂದ ಕಾಣಿಕಿ ಕಳಿಸ್ಯಾನ್ರೀ. ಅಂವಾ ದೇವರನ್ನ ಬಿಟ್ಟಿಲ್ರೀ ಅಯ್ಯನವರ, ಹೊಟ್ಟಿ ಎಳಕೊಂಡ ಹೋಗೇತಿ’ ಎಂದರು. ಬಾರದವರೆಲ್ಲ ಗುಳೆ ಹೋಗಿದ್ದರು. ಬಂದಿದ್ದ ಮುದುಕರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಬಾರದವರ ಸಲುವಾಗಿ ನಾನು ಬೈದಿದ್ದೆ. ನಲವತ್ತು ವರ್ಷಗಳಾದರೂ ಆ ನೋಟು ನನ್ನ ಅಂಗೈಯಲ್ಲಿದ್ದಂತೆಯೇ ಅನಿಸುತ್ತದೆ.

ಅಂದಿನಿಂದ ಶನಿವಾರ ಸಂಜೆ ಪ್ರಸಂಗ ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿ ಸಾಲು ಸಾಲಾಗಿ ದೇವಾಲಯವನ್ನು ನೆನೆಯುವ ರೂಢಿ ಮಾಡಿಕೊಂಡೆ. ಮೊದಲ ಸಾಲಿನಲ್ಲಿ ಯಾರು ಕೂರುತ್ತಾರೆ, ಈ ವಾಕ್ಯ ಅವರ ಕಿವಿಯಲ್ಲಿ ಏನಾಗಿ ಕೇಳಿಸುತ್ತದೆ? ಕಂಬದ ಹತ್ತಿರ ಕೂರುವ ಆ ಹೆಣ್ಣುಮಗಳಿಗೆ? ಹೀಗೆ ನೆನೆದರೆ ಕೆಲವು ವಾಕ್ಯಗಳು ತಾವಾಗಿಯೇ ಬಿದ್ದುಹೋಗುತ್ತವೆ, ಕೆಲವು ಇನ್ನೂ ಹರಿತವಾಗುತ್ತವೆ. ಕುಡಿತದ ಬಗ್ಗೆ ಹೇಳುವ ಪ್ರಸಂಗದಲ್ಲಿ ಕುಡಿಯುವವನಿಗೊಂದು ಮಾತು, ಕುಡುಕನ ಮನೆಯಲ್ಲಿ ಬಾಳುವವರಿಗೊಂದು ಮಾತು, ಬಿಡಬೇಕೆಂದು ಹೆಣಗಿ ಮತ್ತೆ ಸೋತವನಿಗೊಂದು ಮಾತು ಇರಲೇಬೇಕು. ‘ನಿನ್ನ ಮಗನ ಪಾಪ ನಿನ್ನದಲ್ಲ ತಾಯಿ’ ಎಂಬ ಒಂದು ವಾಕ್ಯ ನಿಮ್ಮ ಪ್ರಸಂಗದಲ್ಲಿ ಇದ್ದಿದ್ದರೆ ಆ ವಿಧವೆ ಮನೆಯಲ್ಲಿ ಉಳಿಯುತ್ತಿರಲಿಲ್ಲವೇನೋ.

ಖಂಡಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಕೇಳುಗನ ಬಲ ಹೆಚ್ಚಿದಷ್ಟೂ ಮಾತಿನ ಹರಿತವೂ ಹೆಚ್ಚಬಹುದು. ಪ್ರವಾದಿ ನಾತಾನನು ಎದುರಿಸಿದ್ದು ಅರಸನನ್ನು. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ದಾವೀದನಿಗೆ ನಾತಾನನು, ಬಡವನ ಒಂದೇ ಹೆಣ್ಣು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕಥೆ ಹೇಳಿ, ಅರಸನ ಬಾಯಿಂದಲೇ ತೀರ್ಪು ಹೊರಡಿಸಿ, ಆ ಮನುಷ್ಯನು ನೀನೇ ಎಂದನು. ತಪ್ಪೊಪ್ಪಿದ ಕೂಡಲೇ ಕ್ಷಮೆಯ ಮಾತನ್ನೂ ಅದೇ ಬಾಯಿಂದ ಹೇಳಿದನು, ಪಾಪದ ಫಲವನ್ನು ಮುಚ್ಚಿಡದೆ. ಯೇಸುವಿನ ಅತಿ ಕಠಿಣ ಮಾತುಗಳು ಬಿದ್ದದ್ದು ಅಂದಿನ ಧರ್ಮದ ಮುಖಂಡರಾದ ಶಾಸ್ತ್ರಿಗಳ, ಫರಿಸಾಯರ ಮೇಲೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ, ಏಷ್ಯಾ ಸೀಮೆಯ ಏಳು ಸಭೆಗಳಿಗೆ ಬರೆದ ಪತ್ರಗಳಲ್ಲಿ ಮೆಚ್ಚುಗೆಯ ನಂತರ ಆಕ್ಷೇಪಣೆ ಬರುವುದುಂಟು, ಆದರೆ ಬಡತನದಲ್ಲಿ ಹಿಂಸೆ ಅನುಭವಿಸುತ್ತಿದ್ದ ಸ್ಮುರ್ನದವರಿಗೆ ಆಕ್ಷೇಪಣೆಯೇ ಇಲ್ಲ. ತಾನು ಐಶ್ವರ್ಯವಂತನೆಂದು ಹೇಳಿಕೊಂಡ ಲವೊದಿಕೀಯಕ್ಕೆ ಮೆಚ್ಚುಗೆಯೇ ಇಲ್ಲ.

ಹಾಗಾದರೆ ವರದಕ್ಷಿಣೆಯ ಮಾತು ಮೊದಲು ಪೀಠದಿಂದ ಬರಬೇಕಾಗಿಲ್ಲ, ಹಿರಿಯರ ಕೂಟದಲ್ಲಿ ಬರಬೇಕು, ಗಂಡಿನ ಕಡೆಯವರು ಅಲ್ಲಿಯೇ ಕುಳಿತಿರುತ್ತಾರೆ. 1961ರ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂಬುದನ್ನು ಅಲ್ಲಿ ಸ್ಪಷ್ಟವಾಗಿ ತಿಳಿಸಿ. ಲಗ್ನದ ಪ್ರಕಟಣೆಯನ್ನು ಸಭೆಯಲ್ಲಿ ಓದುವ ಮೊದಲು ಎರಡೂ ಮನೆಗಳಿಗೆ ಹೋಗಿ ವಿಚಾರಿಸಿ. ಪೀಠದಿಂದ ಹತ್ತು ಸಲ ಗುಡುಗಿದರೂ ಆಗದ ಕೆಲಸ ಆ ಒಂದು ಭೇಟಿಯಲ್ಲಿ ಆಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿ ಸಂಡೇ ಸ್ಕೂಲಿನ ಶಿಕ್ಷಕಿ. ಈಚೆಗೆ ನಮ್ಮ ಸಂಬಂಧಿಕರೊಬ್ಬರ ಮಣ್ಣಿನಲ್ಲಿ (ಅಂತ್ಯಕ್ರಿಯೆಯಲ್ಲಿ), ಕುಡಿತದಿಂದ ಸತ್ತವನ ಗತಿ ನೋಡಿ ಉಳಿದವರು ಎಚ್ಚೆತ್ತುಕೊಳ್ಳಿರೆಂದು ಸಭಾಪಾಲಕರು ಪ್ರಸಂಗ ಮಾಡಿದರು. ಸತ್ತವರ ಹೆಂಡತಿ ಮಕ್ಕಳು ತಲೆ ಎತ್ತಲಿಲ್ಲ. ಇದು ಸರಿಯೇ?

ಉತ್ತರ: ಸರಿಯಲ್ಲ, ಅಮ್ಮಾ. ಸತ್ತವನಿಗೆ ಆ ಮಾತು ಕೇಳಿಸದು. ಕೇಳಿಸಿದ್ದು ಅದನ್ನು ವರ್ಷಗಟ್ಟಲೆ ಸಹಿಸಿದವರಿಗೆ ಮಾತ್ರ. ಗೆಳೆಯ ಲಾಜರನ ಸಮಾಧಿಯ ಬಳಿ ಕರ್ತನಾದ ಯೇಸು ಕಣ್ಣೀರು ಬಿಟ್ಟನು. ಹಾಗೆಂದು ಸತ್ತವನನ್ನು ಸಂತನೆಂದು ಹೊಗಳುವುದೂ ಬೇಡ, ಅದು ಸುಳ್ಳೆಂದು ಮನೆಯವರಿಗೇ ಮೊದಲು ಗೊತ್ತಿರುತ್ತದೆ. ದೇವರ ಕರುಣೆಯನ್ನು ಸಾರಿ, ಮಣ್ಣು ಹಾಕಿ, ಮನೆಯವರ ಜೊತೆ ಊಟಕ್ಕೆ ಕುಳಿತು ಎದ್ದು ಬಂದರೆ ಆ ದಿನಕ್ಕೆ ಸಾಕು. ಅವನೊಂದಿಗೆ ಕುಡಿಯುತ್ತಿದ್ದ ಗೆಳೆಯರ ಮನೆಗಳಿಗೆ ಮುಂದಿನ ತಿಂಗಳು ಹೋಗಬಹುದು.

ಪ್ರಶ್ನೆ: ನಾನು ವಿಜಯಪುರದಲ್ಲಿ ಕಾಲೇಜು ಓದುತ್ತಿದ್ದೇನೆ, ನಮ್ಮದು ತಿಕೋಟಾ ಕಡೆಯ ಹಳ್ಳಿ. ನಾನು ಹೋಗುವ ಪ್ರಾರ್ಥನಾ ಕೂಟದಲ್ಲಿ ಯಾವಾಗಲೂ ಆಶೀರ್ವಾದದ ಮಾತೇ, ಕೇಳಲು ಹಿತವಾಗಿರುತ್ತದೆ. ಆದರೆ ಅಕಾಲಿಕ ಮಳೆಗೆ ನಮ್ಮ ದ್ರಾಕ್ಷಿ ಹಾಳಾದಾಗ, ನಿಮ್ಮ ಮನೆಯಲ್ಲಿ ವಿಶ್ವಾಸ ಕಡಿಮೆಯೆಂದು ಬೋಧಕರು ತಂದೆಯವರಿಗೆ ಹೇಳಿದರು. ತಂದೆಯವರು ಈಗ ಬೈಬಲ್ ಮುಟ್ಟುತ್ತಿಲ್ಲ. ಪ್ರೋತ್ಸಾಹದ ಬೋಧನೆ ಎಂದರೆ ಇದೇನಾ?

ಉತ್ತರ: ಅಲ್ಲಪ್ಪಾ. ಸಮಾಧಾನವಿಲ್ಲದಿರುವಾಗ ಸಮಾಧಾನ, ಸಮಾಧಾನ ಎಂದು ಹೇಳಿ ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡುವವರ ಬಗ್ಗೆ ಪ್ರವಾದಿ ಯೆರೆಮೀಯನು ತನ್ನ ಗ್ರಂಥದ 6ನೆಯ ಅಧ್ಯಾಯದಲ್ಲಿ ಮರುಗಿದ್ದಾನೆ. ಬರೀ ಆಶೀರ್ವಾದವನ್ನು ಸಾರುವ ಬೋಧನೆಯಲ್ಲಿ ಗದರಿಕೆ ಇಲ್ಲವೆಂದು ತೋರುತ್ತದೆ, ಆದರೆ ಬೆಳೆ ಕೈಗೆ ಬಾರದ ದಿನ ಅದು ಎಲ್ಲಕ್ಕಿಂತ ಕ್ರೂರವಾದ ಗದರಿಕೆಯಾಗಿ ತಿರುಗಿ, ನಷ್ಟಪಟ್ಟವನನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯದಲ್ಲಿ, ಲುಸ್ತ್ರದಲ್ಲಿ ಜನರ ಕಲ್ಲೆಸೆತಕ್ಕೆ ಸಿಕ್ಕಿ ಸತ್ತನೆಂದು ಊರಹೊರಗೆ ಎಳೆದುಹಾಕಲ್ಪಟ್ಟಿದ್ದ ಪೌಲನು ಅದೇ ಊರಿಗೆ ಮರಳಿ ಬಂದು ಶಿಷ್ಯರ ಮನಸ್ಸನ್ನು ದೃಢಪಡಿಸಿದನು. ಏನು ಹೇಳಿ ದೃಢಪಡಿಸಿದನು? ಬಹು ಸಂಕಟಗಳನ್ನು ತಾಳಿ ದೇವರ ರಾಜ್ಯದಲ್ಲಿ ಸೇರಬೇಕಾಗಿದೆ ಎಂದು. ಅದು ಪ್ರೋತ್ಸಾಹ, ಅದನ್ನು ನಂಬಿದವನು ಆಲಿಕಲ್ಲು ಬಿದ್ದ ಮರುದಿನವೂ ತೋಟಕ್ಕೆ ಹೋಗಬಲ್ಲನು.

ರಜೆಗೆ ಊರಿಗೆ ಹೋದಾಗ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವನ್ನು ನೀವೇ ತಂದೆಯವರಿಗೆ ಓದಿ ಹೇಳಿ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ತಂದೆತಾಯಿಗಳೂ ಅಲ್ಲ ಎಂದು ಕರ್ತನು ಉತ್ತರಿಸುತ್ತಾನೆ. ಅವರು ಬೈಬಲನ್ನು ಕೈಗೆ ತೆಗೆದುಕೊಳ್ಳಲೇಬೇಕೆಂದು ಒತ್ತಾಯಿಸಬೇಡಿ. ತೋಟದಲ್ಲಿ ಕುಳಿತು ಓದಿದರೆ ಸಾಕು, ಅವರು ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳುತ್ತಾರೆ.