ಮನೆಯ ಶೆಡ್ಡಿನಲ್ಲಿ ಕವಚ ಮಾಡುವುದಾದರೆ ಮೊದಲು ಬಟ್ಟೆ, ಆಮೇಲೆ ರಟ್ಟು, ಕೊನೆಗೆ ಕಬ್ಬಿಣ

ಕಾರವಾರದಲ್ಲಿ ಮನೆ ಹಿಂದೆ ಒಂದು ಶೆಡ್ ಇದೆ, ಯುರೋಪಿನ 15ನೇ ಶತಮಾನದ ಕವಚದಂಥದ್ದೇ ಒಂದನ್ನು ಕೈಯಾರೆ ಮಾಡುವ ಆಸೆ ಇದೆ, ವೆಲ್ಡಿಂಗ್ ಬರುವುದಿಲ್ಲ, ಕುಲುಮೆ ಇಲ್ಲ, ಕಡಲ ಗಾಳಿಗೆ ಎಲ್ಲವೂ ತುಕ್ಕು ಹಿಡಿಯುತ್ತದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಓದಿ ತುಂಬ ಖುಷಿಯಾಯಿತು. ನಮ್ಮ ಜಿಲ್ಲೆಯಲ್ಲಿ ಈ ಹುಚ್ಚು ಇರುವ ಇನ್ನೊಬ್ಬರು ಸಿಕ್ಕಿದರಲ್ಲ!

ನಾನು ಶಿರಸಿ ಹತ್ತಿರದ ಹಳ್ಳಿಯವನು. ದನ ಇಲ್ಲದ ಹಳೆಯ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ತೋಟದ ಕೆಲಸ ಮುಗಿದ ಮೇಲೆ ಸಂಜೆ ಎರಡು ತಾಸು, ಅಷ್ಟೇ. ವೆಲ್ಡಿಂಗ್ ನನಗೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆ ಕಾಲದ ಕವಚದ ತುಂಡುಗಳನ್ನು ಜೋಡಿಸಿರುವುದು ರಿವೆಟ್ ಮತ್ತು ಚರ್ಮದ ಪಟ್ಟಿ.

ಮೊದಲ ಮಾತು: ಕಬ್ಬಿಣದ ಅಂಗಡಿಗೆ ಈಗಲೇ ಹೋಗಬೇಡಿ. ಒಳಗೆ ತೊಡುವ ದಪ್ಪ ಅಂಗಿ ಹೊಲಿಸಿ. ಅದನ್ನು ತೊಟ್ಟುಕೊಂಡೇ ಅಳತೆ ತೆಗೆಯಿರಿ. ಆ ಅಳತೆಗೆ ರಟ್ಟಿನಲ್ಲಿ ಕವಚ ಮಾಡಿ. ರಟ್ಟಿನದು ತೊಟ್ಟು ಕೂತು, ಎದ್ದು, ಬಗ್ಗಿ, ಎರಡೂ ಕೈ ಎತ್ತಿ ನೋಡಿ ಎಲ್ಲ ಸರಿ ಅನ್ನಿಸಿದ ಮೇಲೆ ಕಬ್ಬಿಣ. ಕವಚ ಅಂದರೆ ಕಬ್ಬಿಣದ ಅಂಗಿ. ದರ್ಜಿ ಕೆಲಸ ಮೊದಲು, ಕಮ್ಮಾರಿಕೆ ಆಮೇಲೆ.

ನಾನು ಮಾಡಿದ್ದು ಇದರ ಉಲ್ಟಾ. ಚಿತ್ರ ನೋಡಿಕೊಂಡು 1.6 ಮಿ.ಮೀ. ಶೀಟಿನಲ್ಲಿ ನೇರ ಎದೆಕವಚಕ್ಕೇ ಕೈ ಹಾಕಿದೆ. ಮೂರು ತಿಂಗಳು ಬಡಿದೆ. ಅಂಗಿಯ ಹಾಗೆ ಸೊಂಟ ದಾಟಿ ಕೆಳಗಿನವರೆಗೆ ಬಿಟ್ಟಿದ್ದೆ. ತೊಟ್ಟು ಸ್ಟೂಲಿನ ಮೇಲೆ ಕೂತಾಗ ಕೆಳಗಿನ ಅಂಚು ತೊಡೆಗೆ ತಾಗಿ, ಇಡೀ ಕವಚ ಮೇಲೆ ಸರಿದು, ಕುತ್ತಿಗೆಗೆ ಒತ್ತಿತು. ಕೈಗಳು ಮುಂದೆ ಸೇರಲೇ ಇಲ್ಲ. ಅವತ್ತು ಬಹಳ ಬೇಜಾರಾಗಿತ್ತು. ಆಮೇಲೆ ಇಂಗ್ಲೆಂಡಿನ ಎರಡು ಮ್ಯೂಸಿಯಂಗಳಲ್ಲಿ, ಲಂಡನ್ನಿನ ವಾಲೇಸ್ ಕಲೆಕ್ಷನ್ ಮತ್ತು ಲೀಡ್ಸಿನ ರಾಯಲ್ ಆರ್ಮರೀಸ್‌ನಲ್ಲಿ, ಇರುವ ಹಳೆಯ ಕವಚಗಳ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಆಗ ಗೊತ್ತಾಯಿತು. ಎದೆಕವಚ ಸೊಂಟದ ಸಣ್ಣ ಭಾಗದಲ್ಲಿ, ಹೊಕ್ಕುಳಿನಿಂದ ಸ್ವಲ್ಪ ಮೇಲೆಯೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಒಂದರ ಮೇಲೊಂದು ಜಾರುವ ಪಟ್ಟಿಗಳು. ಕಂಕುಳ ಹತ್ತಿರ ನಾವು ಊಹಿಸುವುದಕ್ಕಿಂತ ಜಾಸ್ತಿ ಆಳವಾಗಿ ಕತ್ತರಿಸಿರುತ್ತಾರೆ.

ಪೂರ್ತಿ ಕವಚ 20ರಿಂದ 25 ಕಿಲೋ ತೂಗುತ್ತದೆ. ಕ್ರೇನ್ ಹಾಕಿ ಕುದುರೆ ಹತ್ತಿಸುತ್ತಿದ್ದರು ಅನ್ನುವುದು ಬರೀ ಕಟ್ಟುಕಥೆ. ಕವಚ ಸೊಂಟದಲ್ಲಿ ಸರಿಯಾಗಿ ಕೂತರೆ ಭಾರ ಹೆಗಲ ಮೇಲೊಂದೇ ಬೀಳುವುದಿಲ್ಲ. ಇದು ನನಗೆ ಮನಸ್ಸಿಗೆ ಹತ್ತಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ. ವೇಷ ಕಟ್ಟುವಾಗ ಎಷ್ಟು ಬಿಗಿಯಾಗಿ, ಎಲ್ಲೆಲ್ಲಿ ಹಗ್ಗ ಎಳೆದು ಕಟ್ಟುತ್ತಾರೆ ಗಮನಿಸಿದ್ದೀರಾ? ಸಡಿಲ ಇದ್ದರೆ ಹಗುರ ಮರದ ಭುಜಕೀರ್ತಿಯೂ ಭಾರ. ಬಿಗಿ ಇದ್ದರೆ ಬೆಳಗಿನವರೆಗೆ ಕುಣಿಯಬಹುದು. ಕವಚದಲ್ಲೂ ಹಾಗೇ.

ಈಗ ಅಂಗಿಯ ವಿಷಯ. ಫ್ರಾನ್ಸಿನ 11ನೇ ಲೂಯಿ ದೊರೆಯ ಕಾಲದ (1461-1483) ಸೈನ್ಯದ ಕಟ್ಟಳೆಯಲ್ಲಿ ಯೋಧರ ಅಂಗಿಗೆ 25 ಅಥವಾ 30 ಪದರ ಬಟ್ಟೆ, ಮೇಲೊಂದು ಜಿಂಕೆ ಚರ್ಮ ಇರಬೇಕು ಅಂತ ಇದೆ. ಆ ಅಂಗಿಯನ್ನೇ ಕವಚವಾಗಿ ತೊಡುತ್ತಿದ್ದರು. ತಗಡಿನ ಕೆಳಗೆ ತೊಡಲು ಅಷ್ಟು ದಪ್ಪ ಬೇಡ, ಹತ್ತಿ ಬಟ್ಟೆಯ ಆರೇಳು ಪದರ ಸಾಕು. ಹಳೆಯ ಪಂಚೆ, ಹಳೆಯ ಸೀರೆ ತುಂಬ ಒಳ್ಳೆಯದು. ಹೊಲಿಯುವವರು ಯಾರು ಅಂತ ಕೇಳುತ್ತೀರಾ? ಕೌದಿ ಹೊಲಿಯುವವರನ್ನು ಕೇಳಿ. ನನ್ನದನ್ನು ಹೊಲಿದವರು ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಅಕ್ಕ ಒಬ್ಬರು. ಅವರು ಮೂಲೆಯಿಂದ ಶುರು ಮಾಡಿ, ಅಂಚಿಗುಂಟ ಸುತ್ತು ಹೊಡೆಯುತ್ತ, ಒಳಗೊಳಗೆ ಬಂದು ನಡುವಿನಲ್ಲಿ ಹೊಲಿಗೆ ಮುಗಿಸಿದರು. ಎಲ್ಲೂ ಒಂದು ನಿರಿಗೆ ಇಲ್ಲ. ಈ ಸುತ್ತನ್ನು ನೆನಪಿಡಿ, ಕಬ್ಬಿಣ ಬಡಿಯುವಾಗ ಮತ್ತೆ ಬರುತ್ತದೆ.

ರಟ್ಟಿಗೆ ಫ್ರಿಜ್ ಬಂದ ಪೆಟ್ಟಿಗೆ ಸಾಕು. ಜಾರುವ ಪಟ್ಟಿಗಳಿಗೆ ದಪ್ಪ ಮದುವೆ ಕಾರ್ಡು. ಸಣ್ಣ ನಟ್ಟು ಬೋಲ್ಟು ಹಾಕಿ ಜೋಡಿಸಿ ನೋಡಿ. ತೂತು ಒಂದು ಕಡ್ಡಿಯಷ್ಟು ಆಚೀಚೆ ಆದರೂ ಕೈ ಮಡಚಲು ಬರುವುದಿಲ್ಲ. ರಟ್ಟಿನಲ್ಲಿ ಅದನ್ನು ಹತ್ತು ಸಲ ತಿದ್ದಬಹುದು.

ಶೀಟು ಅಂದರೆ ಸಿಆರ್ (ಕೋಲ್ಡ್ ರೋಲ್ಡ್) ಶೀಟು, ಮೈಲ್ಡ್ ಸ್ಟೀಲ್. ಕೈಕಾಲಿಗೆ 18 ಗೇಜ್ ಅಂದರೆ 1.2 ಮಿ.ಮೀ., ಎದೆಗೆ 16 ಗೇಜ್ ಅಂದರೆ 1.6. ಮುಂದೆ ನಿಜವಾಗಿ ಕತ್ತಿ ಹಿಡಿದು ಆಡುವ ಯೋಚನೆ ಇದ್ದರೆ ಶಿರಸ್ತ್ರಾಣ 2 ಮಿ.ಮೀ.ಗಿಂತ ಕಡಿಮೆ ಬೇಡವೇ ಬೇಡ. ಒಂದು ಚದರ ಮೀಟರ್ 1.2 ಮಿ.ಮೀ. ಶೀಟು ಸುಮಾರು 9.4 ಕಿಲೋ ಬರುತ್ತದೆ. ರಟ್ಟಿನ ತುಂಡುಗಳನ್ನು ನೆಲದ ಮೇಲೆ ಹರಡಿ ಅಳೆದರೆ ಕವಚ ಎಷ್ಟು ತೂಗುತ್ತದೆ ಅಂತ ಮೊದಲೇ ಲೆಕ್ಕ ಸಿಗುತ್ತದೆ. ಶುರುವಿಗೆ ಪೂರ್ತಿ ಶೀಟು ಕೊಳ್ಳಬೇಡಿ. ಕಪಾಟು, ಬಾಗಿಲು ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿ. ಹೆಚ್ಚಿನವರು ತೂಕಕ್ಕೆ ಕೊಡುತ್ತಾರೆ.

ಮೊದಲು ಮಾಡಬೇಕಾದ್ದು ಮೊಣಕೈ ಚಿಪ್ಪು. ಚಿಕ್ಕದು, ಆದರೆ ಪೂರ್ತಿ ಕವಚಕ್ಕೆ ಬೇಕಾದ ಎಲ್ಲ ಕೆಲಸವೂ ಅದರಲ್ಲಿದೆ. ನನ್ನ ಸಾಮಾನು ಇಷ್ಟೇ: ಹಲಸಿನ ಕೊರಡು ಒಂದು, ಗುಂಡು ತಲೆಯ ಸುತ್ತಿಗೆ ಎರಡು, ಶೀಟ್ ಕತ್ತರಿ, ಅರ, ಡ್ರಿಲ್, ಹಳೆಯ ರೈಲು ಕಂಬಿಯ ತುಂಡು. ಕೊರಡಿನ ತಲೆಯ ಮೇಲೆ ಅಂಗೈಯಗಲದ, ಎರಡು ಬೆರಳು ಆಳದ ಗುಂಡಿ ಮಾಡಿಕೊಳ್ಳಿ. ಕೆಂಡ ಇಟ್ಟು ಸುಟ್ಟು ಉಳಿಯಿಂದ ಕೆರೆದರೆ ಸಲೀಸು. ಸುತ್ತಿಗೆಯ ಮುಖ ಕನ್ನಡಿಯ ಹಾಗೆ ನುಣುಪಾಗಿರಲಿ. ಅದರ ಮೇಲೆ ಒಂದು ಗೀರು ಇದ್ದರೂ ಪ್ರತಿ ಪೆಟ್ಟಿಗೂ ಶೀಟಿನ ಮೇಲೆ ಅದೇ ಗೀರು ಬೀಳುತ್ತದೆ.

ಶೀಟನ್ನು ಗುಂಡಿಯ ಮೇಲಿಟ್ಟು ಅಂಚಿನಿಂದ ಒಂದಿಂಚು ಒಳಗೆ ಶುರು ಮಾಡಿ. ಸುತ್ತು ಸುತ್ತಾಗಿ ನಡುವಿಗೆ ಬನ್ನಿ, ಅದೇ ಕೌದಿಯ ಸುತ್ತು. ಮೊದಲ ಸುತ್ತಿಗೇ ಅಂಚು ಅಲೆಅಲೆಯಾಗಿ ಏಳುತ್ತದೆ. ಗಾಬರಿ ಬೇಡ. ಆದರೆ ಆ ಅಲೆಯನ್ನು ಹಾಗೇ ಬಿಟ್ಟು ಮುಂದಿನ ಸುತ್ತಿಗೆ ಹೋಗಬೇಡಿ. ಶೀಟು ಮಗುಚಿ, ಕಂಬಿಯ ಮೇಲಿಟ್ಟು, ಅಲೆಯನ್ನು ಮೆಲ್ಲಗೆ ತಟ್ಟಿ ಕೂರಿಸಿ. ಬಿಟ್ಟರೆ ಅದು ಮಡಿಕೆಯಾಗುತ್ತದೆ. ಮಡಿಕೆ ಆಮೇಲೆ ಬಿರುಕು ಬಿಡುತ್ತದೆ. ಆರೇಳು ಸುತ್ತು ಬಡಿದರೆ ಬಟ್ಟಲಾಗುತ್ತದೆ. ಕೊನೆಗೆ ಉಬ್ಬಿದ ಕಂಬಿಯ ತುದಿಯ ಮೇಲೆ ಕವುಚಿ ಹಾಕಿ ಹೊರಗಿನಿಂದ ಸಣ್ಣ ಪೆಟ್ಟು. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಕೆಳಗೆ ಕಂಬಿ ಸರಿಯಾಗಿ ತಾಗಿದ್ದರೆ 'ಟಣ್' ಅನ್ನುತ್ತದೆ. ಟೊಳ್ಳಿದ್ದರೆ 'ಡಬ್' ಅನ್ನುತ್ತದೆ. 'ಡಬ್' ಅಂದ ಕಡೆ ಮತ್ತೆ ಹೊಡೆಯಬೇಡಿ. ಶೀಟನ್ನು ಕೂದಲೆಳೆಯಷ್ಟು ಸರಿಸಿ.

ಇದನ್ನು ನನಗೆ ಹೇಳಿಕೊಟ್ಟವರು ಅಡಿಕೆ ಬೇಯಿಸುವ ತಾಮ್ರದ ಹಂಡೆ ರಿಪೇರಿಗೆ ಬರುತ್ತಿದ್ದ ಒಬ್ಬ ಅಜ್ಜ. ಹಂಡೆಯ ತಗ್ಗು ತೆಗೆಯುವುದನ್ನು ನೋಡುತ್ತ ಕೂತಿದ್ದೆ. ನನ್ನ ಕೈಗೂ ಸುತ್ತಿಗೆ ಕೊಟ್ಟರು. ಎರಡು ಪೆಟ್ಟು ಹಾಕಿದ ಕೂಡಲೇ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ತಮಾ, ಸುತ್ತಿಗೆನ ಹೊಡೀಬೇಡ, ಬಿಡು. ಅದರ ಭಾರಕ್ಕೇ ಅದು ಬೀಳ್ತದೆ." ಅವತ್ತಿನಿಂದ ನನ್ನ ಭುಜ ನೋವು ಹೋಯಿತು. ಪೆಟ್ಟುಗಳೂ ಒಂದೇ ಸಮ ಬೀಳತೊಡಗಿದವು. ನಿಮ್ಮ ಕಡೆ ಪಾತ್ರೆ ಬಡಿಯುವ ಕಂಚುಗಾರರು ಯಾರಾದರೂ ಇದ್ದರೆ ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಹತ್ತು ವಿಡಿಯೊಗಿಂತ ಜಾಸ್ತಿ ಸಿಗುತ್ತದೆ.

ಬಡಿದಂತೆ ಕಬ್ಬಿಣ ಗಟ್ಟಿಯಾಗುತ್ತ ಹೋಗುತ್ತದೆ. ಸುತ್ತಿಗೆ ಪುಟಿಯಲು ಶುರುವಾದರೆ ಕೆಂಪಗೆ ಕಾಯಿಸಿ, ನೀರಿಗೆ ಹಾಕದೆ, ಬೂದಿಯಲ್ಲಿ ಮುಚ್ಚಿ ನಿಧಾನ ಆರಲು ಬಿಡಿ. ಮತ್ತೆ ಮೆತ್ತಗಾಗುತ್ತದೆ. ಇಲ್ಲಿ ಒಂದು ಮಾತು ಬಹಳ ಗಂಭೀರವಾಗಿ ಹೇಳುತ್ತೇನೆ. ಜಿಐ ಶೀಟು, ಅಂದರೆ ಸತುವಿನ ಲೇಪ ಇರುವುದನ್ನು ಎಂದೂ ಕಾಯಿಸಬೇಡಿ. ಒಮ್ಮೆ ಗುಜರಿಯ ತುಂಡು ಅಂತ ಗಮನಿಸದೆ ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಕಾಯಿಸಿದೆ. ಬಿಳಿ ಹೊಗೆ ಬಂತು. ಆ ರಾತ್ರಿ ಚಳಿ ಜ್ವರ, ಎದೆ ಬಿಗಿತ, ಬಾಯಲ್ಲಿ ಲೋಹದ ರುಚಿ. ಮರುದಿನ ಇಳಿಯಿತು, ಆದರೆ ಆ ರಾತ್ರಿ ಮನೆಯವರೆಲ್ಲ ಹೆದರಿದ್ದರು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ ಇಲ್ಲದೆ ಕೆಲಸಕ್ಕೆ ಕೂರಬೇಡಿ.

ರಿವೆಟ್ ಬಗ್ಗೆ ಒಂದೇ ಉಪಾಯ. ತಿರುಗಬೇಕಾದ ಕೀಲಿನಲ್ಲಿ ಎರಡು ತಗಡಿನ ನಡುವೆ ಒಂದು ತುಂಡು ಕಾರ್ಡು ಇಟ್ಟು ರಿವೆಟ್ ಬಡಿಯಿರಿ. ಆಮೇಲೆ ಕಾರ್ಡನ್ನು ಹರಿದು ತೆಗೆಯಿರಿ. ಅಷ್ಟು ಸಂದಿ ಸಾಕು, ಕೈ ಸಲೀಸಾಗಿ ಮಡಚುತ್ತದೆ.

ತುಕ್ಕಿನ ಚಿಂತೆ ನಿಮಗೆ ನನಗಿಂತ ಜಾಸ್ತಿ. ನಿಮ್ಮ ಎದುರಿನ ಅಂಜುದೀವ್ ನಡುಗಡ್ಡೆಯಲ್ಲಿ 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಇಳಿದಾಗ ಅವರ ಸೈನಿಕರಲ್ಲಿ ಉಕ್ಕಿನ ಎದೆಕವಚ ತೊಟ್ಟವರೂ ಇದ್ದರು. ನಿಮ್ಮ ಆಸೆಗೂ ನಮ್ಮ ಕರಾವಳಿಗೂ ಸಂಬಂಧ ಇಲ್ಲ ಅಂತ ಯಾರಾದರೂ ಹೇಳಿದರೆ ಆ ನಡುಗಡ್ಡೆ ತೋರಿಸಿ.

ನಾನು ಮಾಡುವುದು ಹೀಗೆ. ಬಡಿದು ಮುಗಿಸಿದ ತುಂಡನ್ನು ಉಜ್ಜಿ ತೊಳೆದು ಒಂದೆರಡು ದಿನ ಹೊರಗಿಟ್ಟು ತೆಳ್ಳಗೆ ತುಕ್ಕು ಬರಲು ಬಿಡುತ್ತೇನೆ. ಆಮೇಲೆ ಅಡಿಕೆ ಬೇಯಿಸಿದ ಚೊಗರು ಬಳಿಯುತ್ತೇನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುತ್ತದಲ್ವಾ, ಅದೇ ಕಾರಣ. ಚೊಗರಿನಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ತುಕ್ಕಿನ ಜೊತೆ ಸೇರಿ ನೀಲಿ ಬೆರೆತ ಕಪ್ಪು ಪದರ ಆಗುತ್ತದೆ. ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಕಾರವಾರದಲ್ಲಿ ಚೊಗರು ಸಿಗದಿದ್ದರೆ ಅಳಲೆಕಾಯಿ ಕುದಿಸಿದ ನೀರೂ ಆಗುತ್ತದೆ. ತೊಳೆದು ಒಣಗಿಸಿ, ತೆಳ್ಳಗೆ ಅಗಸೆ ಎಣ್ಣೆ ಒರೆಸಿ, ಹೊಗೆ ಬರುವವರೆಗೆ ಕಾಯಿಸಿ. ಹೀಗೆ ಎರಡು ಮೂರು ಸಲ. ಕೊನೆಗೆ ಜೇನುಮೇಣ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಕಾದು ಬೆಂಕಿ ಹಿಡಿಯುತ್ತದೆ. ನೀರಲ್ಲಿ ನೆನೆಸಿಡಿ. ಮಳೆಗಾಲದಲ್ಲಿ ಕವಚವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಒಳಗೇ ಬೆವರುತ್ತದೆ. ಒಲೆಯ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಜೂನ್‌ಗೆ ಮೊದಲೇ ಮೇಣ ತಿಕ್ಕಿಡಿ.

ಉಂಗುರದ ಬಲೆ ಅಂಗಿಯ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಮಾಡಬಹುದು, ಬೆಂಕಿ ಬೇಡ, ಸದ್ದೂ ಇಲ್ಲ. 8 ಮಿ.ಮೀ. ಸಲಾಕೆಗೆ ತಂತಿ ಸುತ್ತಿ ಕತ್ತರಿಸಿ, ಒಂದು ಉಂಗುರಕ್ಕೆ ನಾಲ್ಕು ಪೋಣಿಸುತ್ತ ಹೋಗುವುದು. ಆದರೆ ತೋಳಿರುವ ಅಂಗಿಗೆ 20,000 ಉಂಗುರ ದಾಟುತ್ತದೆ. ಮೊದಲ ಕೆಲಸಕ್ಕೆ ನಾನು ಹೇಳುವುದಿಲ್ಲ. ಮಾಡಿದರೆ, ತುಕ್ಕು ಬಿಡಿಸಲು ಮರಳಿನ ಡಬ್ಬದಲ್ಲಿ ಹಾಕಿ ಉರುಳಿಸಿ. ಹಳೆಯ ಕಾಲದವರೂ ಪೀಪಾಯಿಯಲ್ಲಿ ಹಾಗೇ ಮಾಡುತ್ತಿದ್ದರು. ಹೊಳೆ ಮರಳೇ ಬೇಕು. ಕಡಲ ಮರಳಿನ ಉಪ್ಪು ಇದ್ದ ತುಕ್ಕನ್ನು ಎರಡರಷ್ಟು ಮಾಡುತ್ತದೆ.

ಮೊಣಕೈ, ಮಂಡಿ ಆದ ಮೇಲೆ ನೇರ ಯುರೋಪಿನ ಎದೆಕವಚಕ್ಕೆ ಹೋಗುವ ಬದಲು ನಮ್ಮ ದೇಶದಲ್ಲೂ ತೊಡುತ್ತಿದ್ದ ಚಹಾರ್ ಆಯ್ನಾ ಅನ್ನುವ ಕವಚ ಒಂದನ್ನು ಮಾಡಿ ನೋಡಿ ಅನ್ನುತ್ತೇನೆ. ಹೆಸರಿನ ಅರ್ಥವೇ ನಾಲ್ಕು ಕನ್ನಡಿ. ಎದೆಗೊಂದು ತಗಡು, ಬೆನ್ನಿಗೊಂದು, ಎರಡು ಪಕ್ಕಕ್ಕೆ ಒಂದೊಂದು, ಪಕ್ಕದವನ್ನು ಕಂಕುಳಿನ ಜಾಗದಲ್ಲಿ ಅರ್ಧಚಂದ್ರದ ಹಾಗೆ ಕತ್ತರಿಸಿರುತ್ತಾರೆ. ಬಾಗು ಕಡಿಮೆ, ಹಾಗಾಗಿ ಕೈ ಕುದುರಿಸಿಕೊಳ್ಳಲು ಚೆನ್ನಾಗಿದೆ. ನಮ್ಮ ದೇಶದ ಕವಚಗಾರರು ಎಂಥ ಕೆಲಸದವರು ಅಂತ ನೋಡಬೇಕಿದ್ದರೆ ಲೀಡ್ಸಿನಲ್ಲಿರುವ ಆನೆಯ ಕವಚದ ಚಿತ್ರ ಹುಡುಕಿ. ಈಗ ಉಳಿದಿರುವ ಭಾಗವೇ 118 ಕಿಲೋ, ಅದರಲ್ಲಿ 5,840 ತಗಡು. ಒಂದೊಂದನ್ನೂ ಉಂಗುರಗಳಿಂದ ಹೆಣೆದಿದ್ದಾರೆ. ಆ ಚಿತ್ರದ ಮುಂದೆ ನಾನು ಎಷ್ಟೋ ಸಂಜೆ ಕಳೆದಿದ್ದೇನೆ.

ಸದ್ಯ ನೀವು ಅಂಗಿ ಹೊಲಿಸಿ. ಅದನ್ನು ತೊಟ್ಟು, ರಟ್ಟಿನ ಮೊಣಕೈ ಚಿಪ್ಪು ಕಟ್ಟಿಕೊಂಡು, ಕೈ ನೀಡಿದ ಫೋಟೊ ಒಂದು, ಪೂರ್ತಿ ಮಡಚಿದ ಫೋಟೊ ಒಂದು ಇಲ್ಲೇ ಹಾಕಿ. ತೂತು ಎಲ್ಲಿ ಬರಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ. ಚೊಗರು ಬೇಕಿದ್ದರೂ ಹೇಳಿ, ಈ ಸಲದ ಕೊಯ್ಲಿನದು ಒಂದು ಕ್ಯಾನ್ ತೆಗೆದಿಡುತ್ತೇನೆ.