ಕಲ್ಲಾದ ಮೂಳೆ ಏನ್ ಹೇಳತ್ತೆ? – ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಎಲ್ಲೋ ಒಂದು ಮುರಿದ ಮೂಳೆ ಸಿಗತ್ತೆ, ತಕ್ಷಣ ಮೀನಿಂದ ನಾಲ್ಕು ಕಾಲಿನ ಪ್ರಾಣಿ ಬಂತು ಅಂತ ವಿಜ್ಞಾನಿಗಳು ಕಥೆ ಹೇಳಿಬಿಡ್ತಾರೆ. ಇದು ಊಹೆ ಅಲ್ದೆ ಮತ್ತೇನು ಸಾರ್?

ಊಹೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಎಷ್ಟೋ ಸಲ ಆ ಊಹೆ ಮಾಡಿರೋದು ಮೂಳೆ ಸಿಗೋಕೆ ಮುಂಚೆ, ಮಜಾ ಇರೋದೇ ಅಲ್ಲಿ. ಮೀನಿನ ಮಾತು ನೀವೇ ತೆಗೆದಿದ್ದೀರಲ್ಲ, ಅದನ್ನೇ ನೋಡೋಣ. ಸುಮಾರು 38.5 ಕೋಟಿ ವರ್ಷ ಹಳೇ ಬಂಡೆಗಳಲ್ಲಿ ಯೂಸ್ತೆನಾಪ್ಟೆರಾನ್ ಅಂತ ಒಂದು ಪ್ರಾಣಿ ಸಿಗತ್ತೆ, ಈಜುರೆಕ್ಕೆ ಒಳಗೆ ಗಟ್ಟಿ ಮೂಳೆ ಇದ್ರೂ ಅದು ಅಪ್ಪಟ ಮೀನು. ಅಲ್ಲಿಂದ 36.5 ಕೋಟಿ ವರ್ಷದ ಬಂಡೆಗೆ ಬಂದ್ರೆ ಗ್ರೀನ್‌ಲ್ಯಾಂಡ್‌ನಲ್ಲಿ ಅಕ್ಯಾಂತೊಸ್ಟೆಗಾ, ಅದಕ್ಕೆ ಕಾಲಿದೆ, ಬೆರಳಿದೆ, ಅದೂ ಒಂದೊಂದು ಮುಂಗಾಲಿಗೆ 8 ಬೆರಳು! ಹಾಗಾದ್ರೆ ಇವೆರಡರ ನಡುವಿನ ಪ್ರಾಣಿ ನಿಜವಾಗ್ಲೂ ಇದ್ದಿದ್ರೆ ಅದು ನಡುವಿನ ವಯಸ್ಸಿನ ಬಂಡೆಲೇ ಸಿಗಬೇಕು, ಅದೂ ಹೊಳೆ ತಂದು ಹಾಕಿದ ಕೆಸರು ಗಟ್ಟಿಯಾಗಿರೋ ಬಂಡೆಲಿ, ಅಂತ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತೆ ಅವರ ಜೊತೆಗಾರರು ಲೆಕ್ಕ ಹಾಕಿದ್ರು, ಭೂವಿಜ್ಞಾನದ ಮ್ಯಾಪ್ ಹರಡ್ಕೊಂಡು ಅಂಥ ಬಂಡೆ ಎಲ್ಲೆಲ್ಲಿ ಹೊರಗೆ ಕಾಣತ್ತೆ ಅಂತ ನೋಡಿ ಕೆನಡಾದ ಆರ್ಕ್ಟಿಕ್ ಕಡೆ ಹೊರಟ್ರು. 1999ರಿಂದ ಹುಡುಕಾಟ, ಮೊದಮೊದಲು ಬೇಕಾಗಿದ್ದು ಸಿಗಲೇ ಇಲ್ಲ, 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಸಿಕ್ತು. ವಯಸ್ಸು ಸುಮಾರು 37.5 ಕೋಟಿ ವರ್ಷ.

ಈಗ ಆ ಪ್ರಾಣಿನ ಸ್ವಲ್ಪ ಹತ್ರದಿಂದ ನೋಡಿ. ಮೈ ತುಂಬ ಹುರುಪೆ, ಕಿವಿರೂ ಇದೆ, ಅಲ್ಲೀವರೆಗೆ ಮೀನೇ. ಆದ್ರೆ ತಲೆ ಮೊಸಳೆದರ ಹಾಗೆ ಚಪ್ಪಟೆ, ಕಣ್ಣು ನೆತ್ತಿ ಮೇಲೆ. ಮೀನಿಗೆ ಕತ್ತು ಅಂತ ಇರಲ್ಲ, ಭುಜದ ಮೂಳೆ ತಲೆಬುರುಡೆಗೇ ಸೇರ್ಕೊಂಡಿರತ್ತೆ, ಇದರಲ್ಲಿ ಆ ಸಂಪರ್ಕ ತಪ್ಪಿಹೋಗಿದೆ, ಅಂದ್ರೆ ಮೈ ತಿರುಗಿಸದೇನೇ ತಲೆ ತಿರುಗಿಸಬಹುದಿತ್ತು. ಇನ್ನು ಈಜುರೆಕ್ಕೆ ಒಳಗೆ ಮೊದ್ಲು ಒಂದು ದಪ್ಪ ಮೂಳೆ, ಆಮೇಲೆ ಎರಡು, ಅದಾದ್ಮೇಲೆ ಮಣಿಕಟ್ಟಿನ ಸಣ್ಣ ಮೂಳೆಗಳು. ನಿಮ್ಮ ತೋಳನ್ನೇ ಮೇಲಿಂದ ಕೆಳಗೆ ಒತ್ತಿ ನೋಡ್ಕೊಳ್ಳಿ, ಅದೇ ಕ್ರಮ. ಬೆರಳು ಮಾತ್ರ ಇಲ್ಲ, ಅದರ ಜಾಗದಲ್ಲಿ ಮೀನಿನ ರೆಕ್ಕೆ ಕಡ್ಡಿಗಳೇ ಇವೆ. ಇಂಥ ವಯಸ್ಸಿನ ಬಂಡೆಲಿ ಇಂಥದ್ದು ಇರಬೇಕು ಅಂತ ಹೇಳಿ ಹೋಗಿ ತೆಗೆದು ತೋರಿಸಿದ್ದನ್ನ ಬರೀ ಕಥೆ ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಪ್ರಶ್ನೆ: ಇಷ್ಟು ಕೋಟಿ ವರ್ಷ ಅಂತ ಹೇಗೆ ಹೇಳ್ತಾರೆ? ಕಾರ್ಬನ್ ಡೇಟಿಂಗಾ?

ಅಲ್ಲ, ಎಲ್ರೂ ಇದೇ ಅಂದ್ಕೋತಾರೆ. ಕಾರ್ಬನ್-14 ಪ್ರತಿ 5730 ವರ್ಷಕ್ಕೆ ಅರ್ಧ ಆಗ್ತಾ ಹೋಗತ್ತೆ, ಹೆಚ್ಚುಕಮ್ಮಿ 50 ಸಾವಿರ ವರ್ಷ ದಾಟಿದ್ರೆ ಅಳೆಯೋಕೆ ಏನೂ ಉಳಿದಿರಲ್ಲ. ಕೋಟಿಗಟ್ಟಲೆ ವರ್ಷಕ್ಕೆ ಜ್ವಾಲಾಮುಖಿ ಬೂದಿ ಬೇಕು. ಅದರೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ನಿಧಾನಕ್ಕೆ ಸೀಸ ಆಗ್ತಿರತ್ತೆ, ಯುರೇನಿಯಂ-238 ಅರ್ಧ ಆಗೋಕೇ ಸುಮಾರು 447 ಕೋಟಿ ವರ್ಷ ಬೇಕು. ಪಳೆಯುಳಿಕೆ ಇರೋ ಪದರದ ಮೇಲೊಂದು, ಕೆಳಗೊಂದು ಬೂದಿ ಪದರ ಸಿಕ್ಕಿಬಿಟ್ರೆ ಪ್ರಾಣಿ ಬದುಕಿದ್ದ ಕಾಲ ಆ ಎರಡರ ಮಧ್ಯೆ ಅಂತಾಯ್ತು. ಬೂದಿ ಇಲ್ದಿದ್ರೆ ಬೇರೆ ಕಡೆ ವಯಸ್ಸು ಗೊತ್ತಿರೋ ಜೀವಿಗಳು ಅದೇ ಪದರದಲ್ಲಿ ಇವೆಯಾ ನೋಡ್ತಾರೆ.

ಪ್ರಶ್ನೆ: ಈಗ ಡಿಎನ್‌ಎ ಇದ್ಯಲ್ಲ, ಇನ್ನೂ ಯಾಕೆ ಮಣ್ಣು ಅಗೀತಾ ಕೂತಿದ್ದಾರೆ?

ಡಿಎನ್‌ಎ ಅಷ್ಟು ದಿನ ಬಾಳಲ್ಲ, ಅದಕ್ಕೆ. ಇದುವರೆಗೆ ಓದೋಕೆ ಆಗಿರೋ ತುಂಬಾ ಹಳೇದು ಅಂದ್ರೂ ಸುಮಾರು 20 ಲಕ್ಷ ವರ್ಷದ್ದು. ಆದ್ರೆ ಎರಡೂ ಸೇರಿದಾಗ ಏನಾಗತ್ತೆ ಅನ್ನೋದಕ್ಕೆ ತಿಮಿಂಗಿಲದ ಜಗಳ ಕೇಳಿ. ಹಳೇ ತಿಮಿಂಗಿಲಗಳ ಹಲ್ಲು ನೋಡಿ ಪಳೆಯುಳಿಕೆಯವರು ಇವು ಮೆಸೋನಿಕಿಡ್ ಅನ್ನೋ, ಈಗ ಪೂರ್ತಿ ಅಳಿದುಹೋಗಿರೋ ಮಾಂಸಾಹಾರಿ ಗುಂಪಿಂದ ಬಂದಿರಬೇಕು ಅಂತಿದ್ರು. 1990ರ ದಶಕದಲ್ಲಿ ಡಿಎನ್‌ಎಯವರು ಬಂದು ಇಲ್ಲ ಸ್ವಾಮಿ, ಬದುಕಿರೋದ್ರಲ್ಲಿ ತಿಮಿಂಗಿಲಕ್ಕೆ ಹತ್ತಿರದ ನೆಂಟ ನೀರಾನೆ ಅಂದ್ರು, ಇವರು ಒಪ್ಪಲಿಲ್ಲ. ತೀರ್ಮಾನ ಮಾಡಿದ್ದು ಪಾದದ ಗಂಟಿನ ಒಂದು ಸಣ್ಣ ಮೂಳೆ. ದನ, ಜಿಂಕೆ, ಹಂದಿ, ನೀರಾನೆ, ಹೀಗೆ ಸಮಸಂಖ್ಯೆಯ ಗೊರಸಿರೋ ಪ್ರಾಣಿಗಳಲ್ಲಿ ಮಾತ್ರ ಈ ಮೂಳೆಯ ಎರಡೂ ತುದಿ ರಾಟೆ ಥರ ಇರತ್ತೆ. 2001ರಲ್ಲಿ ಎರಡು ತಂಡಗಳು ಪಾಕಿಸ್ತಾನದಲ್ಲಿ ಸಿಕ್ಕ, ಇನ್ನೂ ಕಾಲಿದ್ದ ತಿಮಿಂಗಿಲಗಳ ಪಾದದ ಮೂಳೆ ತೋರಿಸಿದ್ವು, ಎರಡೂ ತುದಿಯಲ್ಲಿ ರಾಟೆ! ಹಲ್ಲಿನ ವಾದ ಅಲ್ಲಿಗೆ ಬಿದ್ದುಹೋಯ್ತು.

ಇದಕ್ಕೆ ಇನ್ನೊಂದು ಬಾಲ ಇದೆ. ಎ. ರಂಗರಾವ್ ಅನ್ನೋ ಭಾರತೀಯ ಭೂವಿಜ್ಞಾನಿ ಕಾಶ್ಮೀರದ ಕಡೆಯಿಂದ ಸುಮಾರು 4.8 ಕೋಟಿ ವರ್ಷ ಹಳೇ ಬಂಡೆಗಳನ್ನ ತಂದಿಟ್ಟಿದ್ರು, ಅವು ಆಮೇಲೆ ತಿಮಿಂಗಿಲದ ಪಳೆಯುಳಿಕೆ ಅಧ್ಯಯನ ಮಾಡೋ ಹಾನ್ಸ್ ಥೆವಿಸನ್ ಕೈಗೆ ಬಂದ್ವು. ಅದರಲ್ಲಿದ್ದ ಇಂಡೋಹಿಯಸ್ ಅನ್ನೋ ಬೆಕ್ಕಿನ ಗಾತ್ರದ ಪ್ರಾಣಿಯ ತಲೆಬುರುಡೆ ಬಿಡಿಸ್ತಾ ಇರುವಾಗ ಕಿವಿಯ ಮೂಳೆ ಅಕಸ್ಮಾತ್ ಮುರೀತು, ಮುರಿದ ಕಡೆ ನೋಡಿದ್ರೆ ತಿಮಿಂಗಿಲಗಳಲ್ಲಿ ಕಾಣೋ ದಪ್ಪ ಗೋಡೆ, ಅಂದ್ರೆ ಇದೂ ತಿಮಿಂಗಿಲದ ಹತ್ತಿರದ ನೆಂಟ. ಅದು ಮುರೀದೇ ಇದ್ದಿದ್ರೆ ಎಷ್ಟು ವರ್ಷ ಡಬ್ಬದಲ್ಲೇ ಕೂತಿರ್ತಿತ್ತೋ! 2007ರಲ್ಲಿ ಇದು ಪ್ರಕಟ ಆಯ್ತು.

ಪ್ರಶ್ನೆ: ಹಾಗಾದ್ರೆ ಟಿಕ್ಟಾಲಿಕ್ ನಮ್ಮ ಮುತ್ತಾತನಾ?

ಹಾಗೆ ಯಾರೂ ಹೇಳಲ್ಲ, ಪೇಪರ್ ಹೆಡ್‌ಲೈನ್ ಬಿಟ್ರೆ. ಯಾವುದೇ ಪಳೆಯುಳಿಕೆ ನೇರ ವಂಶದ್ದು ಅಂತ ಸಾಬೀತು ಮಾಡೋದು ಕಷ್ಟ, ಅದರ ದಾಯಾದಿ ಇರಬಹುದು, ಆ ಕಾಲಕ್ಕೆ ಮೈಕಟ್ಟು ಎಲ್ಲೀವರೆಗೆ ಬದಲಾಗಿತ್ತು ಅನ್ನೋದು ಮಾತ್ರ ಅದರಿಂದ ಗೊತ್ತಾಗತ್ತೆ. ಅದರ ಮೇಲೆ 2010ರಲ್ಲಿ ಪೋಲೆಂಡ್‌ನ ಒಂದು ಕ್ವಾರಿಯಿಂದ ಸುಮಾರು 39 ಕೋಟಿ ವರ್ಷ ಹಿಂದಿನ ಹೆಜ್ಜೆಗುರುತು ಅಂತ ವರದಿ ಬಂತು, ಅದು ನಿಜ ಆದ್ರೆ ಟಿಕ್ಟಾಲಿಕ್‌ಗಿಂತ ಮುಂಚೆನೇ ಯಾವುದೋ ಪ್ರಾಣಿ ಕಾಲೂರಿ ನಡೆದಿತ್ತು, ಟಿಕ್ಟಾಲಿಕ್ ಹಳೇ ರೂಪ ಉಳಿಸ್ಕೊಂಡ ಪಕ್ಕದ ಕೊಂಬೆ. ಅದು ಹೆಜ್ಜೆನೇ ಅಲ್ಲ, ಮೀನುಗಳು ಮಾಡಿದ ಗುಂಡಿ ಅನ್ನೋರೂ ಇದ್ದಾರೆ, ಆ ವಾದ ಇನ್ನೂ ನಡೀತಿದೆ.